ರಾಗಿ, ಸಿರಿಧಾನ್ಯದ ಪೊಟ್ಟಣಗಳ ವಿಮರ್ಶೆ: ರೈತರ ಪ್ರಶ್ನೆ, ಡಯಟಿಷಿಯನ್ ಲೆಕ್ಕ

ದೊಡ್ಡ ಅಂಗಡಿಗಳಲ್ಲಿ 'ರಾಗಿ' ಎಂದು ದಪ್ಪಕ್ಷರದಲ್ಲಿ ಬರೆದ ಸರಕೇ ಈಗ ಒಂದು ಸಾಲು ತುಂಬುತ್ತದೆ. ಹಿಟ್ಟು, ಹುರಿಹಿಟ್ಟು, ಮಾಲ್ಟ್, ಬಿಸ್ಕತ್ತು, ಶ್ಯಾವಿಗೆ, ನೂಡಲ್ಸ್, ದೋಸೆ ಮಿಕ್ಸ್. ಪಕ್ಕದಲ್ಲೇ ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ಈ ಸಾಲು ಇನ್ನೂ ಉದ್ದವಾಗಿದೆ. ಎಲ್ಲಕ್ಕೂ ಒಂದೇ ಮಾರ್ಕು ಕೊಡಲು ಬರುವುದಿಲ್ಲ. ಕೆಲವು ನಿಜಕ್ಕೂ ಒಳ್ಳೆಯ ಸರಕು, ಕೆಲವು ಮೈದಾಕ್ಕೆ ರಾಗಿಯ ಬಣ್ಣ ಬಳಿದವು.

ಇಲ್ಲಿ ಕಂಪನಿಗಳ ಹೆಸರು ಹೇಳಿಲ್ಲ. ಒಂದೇ ಕಂಪನಿಯ ಹಿಟ್ಟು ಚೆನ್ನಾಗಿದ್ದು ಅದೇ ಕಂಪನಿಯ ಬಿಸ್ಕತ್ತು ದಂಡವಾಗಿರುವುದು ಮಾಮೂಲಿ. ಅದಕ್ಕೇ ಸರಕಿನ ಬಗೆಯನ್ನು ತೂಗಿದ್ದೇವೆ. ಅಳತೆಗೋಲು ಎರಡು. ಕಾಳು ಹೊಲದಿಂದ ಪೊಟ್ಟಣ ಸೇರುವ ನಡುವೆ ಅದಕ್ಕೆ ಏನೇನು ಮಾಡಿದ್ದಾರೆ ಎಂಬುದು ಒಂದು. ಇದನ್ನು ಬೆಳೆದವರು ಹೇಳಬಲ್ಲರು. ಕೊನೆಗೆ ತಟ್ಟೆಗೆ ಬೀಳುವುದು ಎಷ್ಟು ಗ್ರಾಂ ಎಂಬುದು ಇನ್ನೊಂದು. ಇದು ಡಯಟಿಷಿಯನ್ ಕೇಳುವ ಪ್ರಶ್ನೆ. ಪೊಟ್ಟಣದ ಮುಂಭಾಗ ಈ ಎರಡಕ್ಕೂ ಉತ್ತರ ಕೊಡುವುದಿಲ್ಲ.

ಮೊದಲು ರಾಗಿ ಹಿಟ್ಟು. ಇಡೀ ಸಾಲಿನಲ್ಲಿ ಕಣ್ಣುಮುಚ್ಚಿ ಕೊಳ್ಳಬಹುದಾದದ್ದು ಯಾವುದಾದರೂ ಇದ್ದರೆ ಇದೇ, ಅದಕ್ಕೆ ಕಾರಣ ಕಾಳಿನ ರಚನೆ. ರಾಗಿಯ ಸಿಪ್ಪೆ ಒಳಗಿನ ಹಿಟ್ಟಿನ ಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಒಳಭಾಗವೋ ಮೆತ್ತಗೆ. ಹಾಗಾಗಿ ಅಕ್ಕಿಯಂತೆ ಇದಕ್ಕೆ ಪಾಲಿಶ್ ಹೊಡೆಯಲು ಹೋದರೆ ಕಾಳೇ ಪುಡಿಯಾಗುತ್ತದೆ. ಸಿಪ್ಪೆ ತೆಗೆದ ಇಡೀ ರಾಗಿ ಬೇಕೆಂದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರೂಪಿಸಿದಂಥ ವಿಶೇಷ ವಿಧಾನವೇ ಬೇಕು. ಮಾಮೂಲಿ ಗಿರಣಿಯಿಂದ ಬರುವ ರಾಗಿ ಹಿಟ್ಟಿನಲ್ಲಿ ಸಿಪ್ಪೆ, ಮೊಳಕೆಯ ಭಾಗ ಎಲ್ಲವೂ ಇರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು, 4.6 ಮಿಲಿಗ್ರಾಂ ಕಬ್ಬಿಣ, 7 ಗ್ರಾಂ ಚಿಲ್ಲರೆ ಪ್ರೋಟೀನ್ ಇದೆ. ಅದೇ ಕೋಷ್ಟಕದಲ್ಲಿ ಬಿಳಿ ಅಕ್ಕಿಯ ಕ್ಯಾಲ್ಸಿಯಂ 8 ಮಿಲಿಗ್ರಾಂ ಕೂಡ ಮುಟ್ಟುವುದಿಲ್ಲ, ನಾರು 3 ಗ್ರಾಂಗೂ ಕಡಿಮೆ. ಪ್ರೋಟೀನ್ ಮಾತ್ರ ಅಕ್ಕಿಯಲ್ಲೇ ಒಂದು ಕೂದಲೆಳೆ ಹೆಚ್ಚು. 'ಪ್ರೋಟೀನ್ ಭರಿತ ರಾಗಿ' ಎಂದು ಬರೆದ ಪೊಟ್ಟಣ ಕಂಡರೆ, ಅದನ್ನು ಬರೆದವರು ಕೋಷ್ಟಕ ತೆರೆದೇ ಇಲ್ಲ ಎಂದು ತಿಳಿಯಬಹುದು.

ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಹಿಡಿಯೋಣ. ಸುಮಾರು 290 ಮಿಲಿಗ್ರಾಂ ಕ್ಯಾಲ್ಸಿಯಂ ಬಂತು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸು, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ಮುದ್ದೆಯಲ್ಲಿದೆ. ಆದರೆ ಅದೇ ಮುದ್ದೆಯಲ್ಲಿ 53 ಗ್ರಾಂ ಕಾರ್ಬೋಹೈಡ್ರೇಟ್ ಕೂಡ ಇದೆ. ಸಕ್ಕರೆ ಕಾಯಿಲೆಯವರು 'ರಾಗಿ ತಾನೇ' ಎಂದು ಎರಡು ಮುದ್ದೆ ಇಳಿಸಿದರೆ ಮೀಟರಿನಲ್ಲಿ ಗೊತ್ತಾಗುತ್ತದೆ. ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಅಂಬಲಿ ಮಾಡಿ ಕುಡಿದರೆ ಸಕ್ಕರೆ ಇನ್ನೂ ಬೇಗ ಏರಬಹುದು. ಜೊತೆಗೆ ಏನಿರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬಸ್ಸಾರು, ಹುರುಳಿ ಸಾರು, ಅವರೆಕಾಳು ಸಾರು ಇದ್ದರೆ ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನ್ ಘಟಕ ಕಾಳಿನಿಂದ ತುಂಬಿಕೊಳ್ಳುತ್ತದೆ. ಸಾರಿಗೆ ಹುಣಸೆ ಇದ್ದು, ಪಕ್ಕದಲ್ಲಿ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ರಾಗಿಯ ಕಬ್ಬಿಣ ಮೈಗೆ ಹತ್ತುವುದು ಸುಲಭ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಆ ಲಾಭ ಹೋಯಿತು.

ಇನ್ನು ಗುಣಮಟ್ಟ. ತುಮಕೂರು, ಹಾಸನ, ಮಂಡ್ಯದ ಕಡೆ ಡಿಸೆಂಬರ್ ಹೊತ್ತಿಗೆ ಓಡಾಡಿದವರಿಗೆ ಗೊತ್ತು, ಎಷ್ಟೋ ರಾಗಿಯ ಒಕ್ಕಣೆ ಟಾರು ರಸ್ತೆಯ ಮೇಲೇ ನಡೆಯುತ್ತದೆ. ವಾಹನಗಳು ತೆನೆ ತುಳಿಯುತ್ತವೆ, ಆಳಿನ ಕೂಲಿ ಉಳಿಯುತ್ತದೆ, ಕಾಳಿಗೆ ಮರಳು ಕಲ್ಲು ಸೇರುತ್ತವೆ. ರೈತರನ್ನು ಬೈದು ಪ್ರಯೋಜನವಿಲ್ಲ, ಕಣಗಳು ಮಾಯವಾಗಿವೆ. ಆದರೆ ನೇರವಾಗಿ ರೈತರಿಂದ ಕೊಳ್ಳುವಾಗ 'ಒಕ್ಕಣೆ ಎಲ್ಲಿ ಮಾಡಿಸಿದ್ರಿ?' ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕಣದಲ್ಲೋ ಯಂತ್ರದಲ್ಲೋ ಮಾಡಿದ್ದರೆ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಕೊಡಬಹುದು. ಹಿಟ್ಟು ಬಾಯಲ್ಲಿ ಕರಕರ ಎಂದರೆ ಕಾಳನ್ನು ತೊಳೆಯದೆ ಬೀಸಿದ್ದಾರೆ ಎಂದರ್ಥ. ಪೊಟ್ಟಣದ ಹಿಟ್ಟಿನ ಒಂದು ಚಮಚ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು ಮೇಲಿನ ನೀರನ್ನು ನಿಧಾನವಾಗಿ ಚೆಲ್ಲಿ. ಮರಳು ತಳದಲ್ಲಿ ಕೂತಿರುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಹಿಟ್ಟು ತೀರಾ ಬೆಳ್ಳಗಿದ್ದರೆ ಕಲಬೆರಕೆ ಎಂದು ಹಾರಿಬೀಳಬೇಡಿ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಕೆಎಂಆರ್-340 ಎಂಬ ಬಿಳಿ ರಾಗಿ ತಳಿಯೇ ಇದೆ, ಬೇಕರಿಯವರಿಗೆ ಅದು ಇಷ್ಟ. ಜಿಪಿಯು-28, ಎಂಎಲ್-365, ಎಂಆರ್-6ರಂಥ ಸಾಮಾನ್ಯ ತಳಿಗಳು ಕೆಂಪು ಕಂದು. ಕೆಂಪು ಕಾಳಿನಿಂದ ಬೆಳ್ಳನೆಯ ಹಿಟ್ಟು ಬಂದಿದ್ದರೆ ಮಾತ್ರ ಜರಡಿಯಲ್ಲಿ ಸಿಪ್ಪೆ ಹೋಗಿದೆ ಎಂದು ತಿಳಿಯಿರಿ.

ಹಿಟ್ಟಿಗಿಂತ ಕಾಳು ಕೊಳ್ಳುವುದು ಇನ್ನೂ ಲಾಭ. ರಾಗಿ ಕಾಳಿಗೆ ಹುಳ ಬೀಳುವುದು ಅಪರೂಪ, ಹಿಂದೆ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದುದು ಅದೇ ಧೈರ್ಯದ ಮೇಲೆ. ಹಿಟ್ಟಾದ ಮೇಲೆ ಎರಡು ತಿಂಗಳೊಳಗೆ ಮುಗಿಸಬೇಕು. ಬೆಲೆಯ ಅಂದಾಜಿಗೆ ಬೆಂಬಲ ಬೆಲೆ ನೋಡಿ: 2025-26ಕ್ಕೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ, ಅಂದರೆ ಕಿಲೋಗೆ ಸುಮಾರು 49. ಶುದ್ಧಮಾಡಿ, ಬೀಸಿ, ತುಂಬಿ, ಸಾಗಿಸಿ ಅದರ ಒಂದೂವರೆ ಪಟ್ಟಿಗೆ ಮಾರಿದರೆ ನ್ಯಾಯ. ಅದೇ ರಾಗಿ ಮೂರು ನಾಲ್ಕು ಪಟ್ಟಾಗಿದ್ದರೆ ಹೆಚ್ಚಿನ ಹಣ ಯಾವುದಕ್ಕೆ ಎಂದು ಪೊಟ್ಟಣ ವಿವರಿಸಬೇಕು. ಗಿರಣಿಯಲ್ಲಿ ಬೀಸಿಸುವವರು ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ಸುರಿಯಬಾರದು, ಆವಿ ಕಟ್ಟಿ ಮುಗ್ಗಲು ಬರುತ್ತದೆ. ಹರಡಿ ಆರಿಸಿ ತುಂಬಿ. ಮನೆಯಲ್ಲಿ ಗ್ಲುಟೆನ್ ಆಗದವರಿದ್ದರೆ ಗೋಧಿ ಬೀಸಿದ ಕಲ್ಲಿಗೇ ರಾಗಿ ಹಾಕಿಸಬೇಡಿ.

ಈಗ ಅತಿ ಹೆಚ್ಚು ಗೊಂದಲ ಇರುವ ಸರಕಿಗೆ ಬರೋಣ, ಮಾಲ್ಟ್. ಹುರಿಹಿಟ್ಟು, ಮಾಲ್ಟ್ ಎರಡೂ ಒಂದೇ ಎಂಬಂತೆ ಮಾರುತ್ತಾರೆ. ಒಂದಲ್ಲ. ಹುರಿಹಿಟ್ಟಿಗೆ ರಾಗಿಯನ್ನು ತೇವಮಾಡಿ, ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು ಬೀಸುತ್ತಾರೆ. ಬೆಂದ ಹಿಟ್ಟದು, ಹಾಲು, ಬೆಲ್ಲ, ತೆಂಗಿನತುರಿ ಕಲಸಿ ಹಾಗೇ ತಿನ್ನಬಹುದು. ಮಾಲ್ಟ್ ಎಂದರೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟು, ಅದನ್ನು ಕುದಿಸಲೇಬೇಕು. ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚಗು ರೋಗಾಣುಗಳಿಗೂ ಹಬ್ಬವೇ.

ಮೊಳಕೆಯಿಂದ ಆಗುವ ಲಾಭ ಎರಡು. ಖನಿಜಗಳನ್ನು ಹಿಡಿದಿಡುವ ಫೈಟೇಟ್ ಮತ್ತು ಟ್ಯಾನಿನ್ ಕಡಿಮೆಯಾಗುತ್ತವೆ. ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಬೇಯಿಸುವಾಗ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ಇದು ದೊಡ್ಡ ಉಪಕಾರ. ಸಾದಾ ರಾಗಿ ಸರಿ ಸ್ವಲ್ಪ ಹಿಟ್ಟಿಗೇ ಗಟ್ಟಿಯಾಗುತ್ತದೆ, ತೆಳ್ಳಗೆ ಮಾಡಲು ನೀರು ಸುರಿದರೆ ಮಗುವಿನ ಪುಟ್ಟ ಹೊಟ್ಟೆಗೆ ಹೋಗುವುದು ನೀರೇ. ಮಾಲ್ಟಿನಲ್ಲಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ.

ಪೊಟ್ಟಣದಲ್ಲಿರುವುದು ನಿಜವಾದ ಮಾಲ್ಟೇ ಎಂದು ಪರೀಕ್ಷಿಸಲು ಅಡುಗೆಮನೆ ಸಾಕು. ಎರಡು ಪಾತ್ರೆ, ಎರಡರಲ್ಲೂ ಒಂದು ಲೋಟ ತಣ್ಣೀರು. ಒಂದಕ್ಕೆ ಎರಡು ದೊಡ್ಡ ಚಮಚ ಸಾದಾ ರಾಗಿ ಹಿಟ್ಟು, ಇನ್ನೊಂದಕ್ಕೆ ಅಷ್ಟೇ ತೂಕದ ಮಾಲ್ಟ್ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ, ಐದು ನಿಮಿಷ ಕುದಿಸಿ. ಮಾಲ್ಟ್ ಎದ್ದುಕಾಣುವಷ್ಟು ತೆಳ್ಳಗಿರಬೇಕು. ಎರಡೂ ಅಂಟಿನಂತೆ ಆದರೆ ಮೊಳಕೆ ಸರಿಯಾಗಿ ಕಟ್ಟಿಲ್ಲ, ಇಲ್ಲವೇ ಘಮಕ್ಕೆಂದು ಹೆಚ್ಚು ಹುರಿದು ಕಿಣ್ವವನ್ನು ಸುಟ್ಟಿದ್ದಾರೆ. ಸಕ್ಕರೆ, ಹಾಲಿನ ಪುಡಿ ಬೆರೆಸಿದ ಮಿಕ್ಸಿಗೆ ಈ ಪರೀಕ್ಷೆ ನಡೆಯದು, ಬರೀ ರಾಗಿ ಮಾಲ್ಟಿಗೆ ಮಾತ್ರ.

ಮನೆಯಲ್ಲೇ ಮಾಡುವುದಾದರೆ ಒಂದು ಕಿಲೋ ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆದು, ಗಾಳಿಸಿ ಕಲ್ಲು ತೆಗೆದು, 10ರಿಂದ 12 ಗಂಟೆ ನೆನೆಸಿ. ನೀರು ಪೂರ್ತಿ ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ ಬೇಕು. ಬಟ್ಟೆ ಒಣಗಿದಾಗ ನೀರು ಚಿಮುಕಿಸಿದರೆ ಸಾಕು. ಕೆಡುವುದೆಲ್ಲ ಈ ಹಂತದಲ್ಲೇ: ನೀರು ನಿಂತರೆ ಹುಳಿ ವಾಸನೆ, ಗಂಟು ಬಿಗಿಯಾಗಿದ್ದರೆ ಒಳಗೆ ಬಿಸಿಯೇರಿ ಬೂಷ್ಟು. ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ, ಹುರಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಮೊಳಕೆ ಅರ್ಧ ಸೆಂಟಿಮೀಟರ್ ಬಂದಾಗ ತೆಳ್ಳಗೆ ಹರಡಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಬಿಸಿಯಾಗುವಷ್ಟೇ ಹುರಿದು ಬೀಸಿಸಿ. ಪುಟ್ಟ ಮಗುವಿಗಾದರೆ ವಸ್ತ್ರಗಾಳಿತ ಮಾಡಬೇಕು. ದೊಡ್ಡವರ ಪಾಲಿನದನ್ನು ಜರಡಿ ಹಿಡಿಯದಿರುವುದೇ ಮೇಲು, ಬಟ್ಟೆಯಲ್ಲಿ ಉಳಿಯುವ ಆ ಸಿಪ್ಪೆಯಲ್ಲೇ ನಾರೂ ಕ್ಯಾಲ್ಸಿಯಂನ ಒಳ್ಳೆಯ ಪಾಲೂ ಇರುವುದು.

ಇನ್ನು 'ರಾಗಿ ಹೆಲ್ತ್ ಮಿಕ್ಸ್', 'ರಾಗಿ ಚಾಕೊಲೇಟ್ ಡ್ರಿಂಕ್'ಗಳು. ಈ ಬಗೆಗೆ ನಮ್ಮ ಅಂಕ ಕಡಿಮೆ. ಹಿಂಭಾಗದ ಪದಾರ್ಥ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ. ಸಕ್ಕರೆ ಮೊದಲ ಅಥವಾ ಎರಡನೇ ಸ್ಥಾನದಲ್ಲಿದ್ದರೆ ಅದು ಸಕ್ಕರೆಯ ಪುಡಿ, ರಾಗಿ ಅದರ ಅತಿಥಿ. ಹೆಸರಿನಲ್ಲೋ ಚಿತ್ರದಲ್ಲೋ ರಾಗಿಯನ್ನು ಮೆರೆಸಿದ್ದರೆ ಅದು ಶೇಕಡಾ ಎಷ್ಟಿದೆ ಎಂದೂ ಪಟ್ಟಿಯಲ್ಲಿ ಹೇಳಬೇಕು, ಆ ಸಂಖ್ಯೆ ಹುಡುಕಿ. ಉದಾಹರಣೆಗೆ ಶೇ. 30 ರಾಗಿ, ಒಂದು ಸಲಕ್ಕೆ 25 ಗ್ರಾಂ ಪುಡಿ ಎಂದಿಟ್ಟುಕೊಳ್ಳಿ. ಲೋಟಕ್ಕೆ ಬಿದ್ದ ರಾಗಿ ಏಳೂವರೆ ಗ್ರಾಂ, ಅದರ ಕ್ಯಾಲ್ಸಿಯಂ 27 ಮಿಲಿಗ್ರಾಂ. ಅದನ್ನು ಕದಡಿದ 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ 230 ಮಿಲಿಗ್ರಾಂ ದಾಟುತ್ತದೆ. ಪೊಟ್ಟಣದ ಮೇಲೆ ಗಟ್ಟಿ ಮೂಳೆಯ ಚಿತ್ರ ಹಾಕಿಸಿಕೊಂಡದ್ದು ರಾಗಿ, ದುಡಿದದ್ದು ಹಾಲು. ಅದೇ ಪುಡಿಯಲ್ಲಿ 100 ಗ್ರಾಂಗೆ 35 ಗ್ರಾಂ ಸೇರಿಸಿದ ಸಕ್ಕರೆ ಇದ್ದರೆ ಲೋಟಕ್ಕೆ ಸುಮಾರು ಎರಡು ಟೀ ಚಮಚ.

'ಸಂಸ್ಕರಿಸಿದ ಸಕ್ಕರೆ ಇಲ್ಲ, ಬೆಲ್ಲ ಮಾತ್ರ' ಎಂಬ ಸಾಲಿಗೂ ಮರುಳಾಗಬೇಡಿ. ರಕ್ತದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ, ಖರ್ಜೂರದ ಪಾಕವೂ ಅಷ್ಟೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಬೆಲ್ಲ ಯಾವುದೂ ಬೇಡ. ಶಾಲಾ ಮಕ್ಕಳ ವಿಷಯ ಬೇರೆ. 2024ರ ಫೆಬ್ರುವರಿಯಿಂದ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವ ಮಗುವಿಗೆ ಹಾಲು, ಧಾನ್ಯ ಎರಡೂ ಒಟ್ಟಿಗೆ ಸಿಗುವುದು ಒಳ್ಳೆಯದೇ. ಮನೆಯಲ್ಲಿ ತುಂಬಿದ ಹೊಟ್ಟೆಯ ಮೇಲೆ ದಿನಕ್ಕೆರಡು ಲೋಟ ಸಿಹಿ ಮಿಕ್ಸ್ ಕೊಡುವುದಕ್ಕೆ ಅದನ್ನು ಸಮರ್ಥನೆಯಾಗಿ ಬಳಸಬಾರದು.

ಬಿಸ್ಕತ್ತು, ನೂಡಲ್ಸ್ ಬಗ್ಗೆ ಹೆಚ್ಚು ಬರೆಯುವುದೇ ದಂಡ. ಶೇ. 15 ರಾಗಿ ಇರುವ 8 ಗ್ರಾಂ ಬಿಸ್ಕತ್ತು ನಾಲ್ಕು ತಿಂದರೆ ಐದು ಗ್ರಾಂ ರಾಗಿಯೂ ಹೊಟ್ಟೆಗೆ ಹೋಗುವುದಿಲ್ಲ. ಉಳಿದದ್ದು ಹೆಚ್ಚಾಗಿ ಮೈದಾ, ಸಕ್ಕರೆ, ತಾಳೆ ಎಣ್ಣೆ. ರುಚಿಗೆ ತಿನ್ನಿ, ಆರೋಗ್ಯದ ಹೆಸರು ಬೇಡ. ನೂಡಲ್ಸಿನಲ್ಲಿ ಮಸಾಲೆ ಪುಡಿಯ ಸೋಡಿಯಂ ನೋಡಿ, ದಿನದ ಮಿತಿ 2000 ಮಿಲಿಗ್ರಾಂ. ಬರೀ ರಾಗಿ ಹಿಟ್ಟು, ನೀರು, ಉಪ್ಪಿನಲ್ಲಿ ಒತ್ತಿದ ಶ್ಯಾವಿಗೆ ಮಾತ್ರ ಈ ಗುಂಪಿನಲ್ಲಿ ಪಾಸು.

ನವಣೆ, ಸಾಮೆ, ಊದಲು, ಬರಗು, ಕೊರಲೆ, ಹಾರಕಗಳ ಕತೆ ರಾಗಿಗೆ ತದ್ವಿರುದ್ಧ. ಇವಕ್ಕೆ ಗಡುಸಾದ ಹೊಟ್ಟಿದೆ, ತೆಗೆಯದೆ ತಿನ್ನಲಾಗದು. ಹೊಟ್ಟು ತೆಗೆದ ಮೇಲೆ ನಿಲ್ಲಿಸಿದರೆ ತೌಡಿನ ಪದರ ಉಳಿಯುತ್ತದೆ. ಇನ್ನೆರಡು ಸುತ್ತು ಯಂತ್ರಕ್ಕೆ ಬಿಟ್ಟರೆ ಬೆಳ್ಳಗೆ ಹೊಳೆಯುವ ಅಕ್ಕಿ ಬರುತ್ತದೆ, ನಾರು ತೌಡಿನೊಡನೆ ಹೋಗುತ್ತದೆ. ಸಾಮೆಯ ನಾರು 100 ಗ್ರಾಂಗೆ 7.7 ಗ್ರಾಂ, ಹಾರಕದ್ದು 6.4 ಗ್ರಾಂ ಎಂಬ ಕೋಷ್ಟಕದ ಅಂಕಿಗಳನ್ನು ಪಾಲಿಶ್ ಹೊಡೆದ ಕಾಳಿಗೂ ಹಚ್ಚಿ ಮಾರುವುದು ಈ ವ್ಯಾಪಾರದ ದೊಡ್ಡ ಮೋಸ.

ಗುರುತಿಸುವುದು ಹೀಗೆ. ಪಾಲಿಶ್ ಆಗದ ನವಣೆ ಮಾಸಲು ಹಳದಿ, ಸಾಮೆ ಬೂದು ಬಣ್ಣ. ಅಂಗೈಯಲ್ಲಿ ಒತ್ತಿ ಉಜ್ಜಿದರೆ ತೌಡಿನ ಪುಡಿ ಹತ್ತುತ್ತದೆ. ಮೊದಲ ನೀರು ಕದಡುತ್ತದೆ. ಅಲ್ಲೊಂದು ಇಲ್ಲೊಂದು ಹೊಟ್ಟಿರುವ ಕಾಳು ಸಿಗುವುದೂ ಸಹಜ. ಒಂದೂ ಸಿಗದೆ ಎಲ್ಲವೂ ಮುತ್ತಿನಂತೆ ಹೊಳೆಯುತ್ತಿದ್ದರೆ ಅನುಮಾನಿಸಿ. ಬೆಲೆ ಹೆಚ್ಚಿರುವುದಕ್ಕೆ ನ್ಯಾಯವಾದ ಕಾರಣವೂ ಇದೆ: ಒಂದು ಕ್ವಿಂಟಲ್ ಹೊಟ್ಟಿನ ಕಾಳಿನಿಂದ ಸಿಗುವ ಅಕ್ಕಿ ಸುಮಾರು 60ರಿಂದ 70 ಕಿಲೋ.

ಪಾಲಿಶ್ ಇಲ್ಲದ ಕಾಳಿಗೆ ಒಂದು ದೌರ್ಬಲ್ಯವಿದೆ. ಹೊಟ್ಟು ಹೋದೊಡನೆ ತೌಡಿನ ಎಣ್ಣೆಗೆ ಗಾಳಿ ತಾಗಿ ಕಮಟು ಹಿಡಿಯಲು ಶುರುವಾಗುತ್ತದೆ. ಆದ್ದರಿಂದ ರೈತರ ಮಳಿಗೆಯಲ್ಲಿ ಕೇಳಬೇಕಾದ್ದು 'ಯಾವಾಗ ಬೆಳೆದದ್ದು?' ಎಂದಲ್ಲ, 'ಯಾವಾಗ ಹೊಟ್ಟು ತೆಗೆಸಿದ್ದು?' ಎಂದು. ಹೊಟ್ಟಿನೊಳಗೆ ವರ್ಷ ಕಳೆದ ಕಾಳು ಪರವಾಗಿಲ್ಲ, ಹೊಟ್ಟು ತೆಗೆದು ಆರು ತಿಂಗಳಾದದ್ದು ಬೇಡ. ಮನೆಗೆ ತಂದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ಮೂರು ತಿಂಗಳಲ್ಲಿ ಮುಗಿಸಿ. ಇದೇ ಕಾರಣಕ್ಕೆ ಸಜ್ಜೆ ಹಿಟ್ಟನ್ನು ಪೊಟ್ಟಣದಲ್ಲಿ ಕೊಳ್ಳಲೇಬೇಡಿ ಎನ್ನುತ್ತೇವೆ. ಸಜ್ಜೆಯಲ್ಲಿ ಶೇ. 5ಕ್ಕಿಂತ ಹೆಚ್ಚು ಕೊಬ್ಬಿದೆ, ಬೀಸಿದ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಒಂದು ವಾರಕ್ಕೆ ಬೇಕಾದಷ್ಟನ್ನೇ ಬೀಸಿಸಿ. ಥೈರಾಯ್ಡ್ ತೊಂದರೆ ಇರುವವರು ಮೂರು ಹೊತ್ತೂ ಸಜ್ಜೆಯನ್ನೇ ನೆಚ್ಚುವುದು ಬೇಡ.

ಬೇಯಿಸುವಾಗ ಕೆಡುವುದು ನೀರಿನ ಲೆಕ್ಕದಲ್ಲಿ. ಪಾಲಿಶ್ ಆಗದ ನವಣೆ, ಸಾಮೆಗಳನ್ನು ಒಂದೆರಡು ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡೂವರೆಯಿಂದ ಮೂರು ಲೋಟ ನೀರಿಡಿ. ನೆನೆಸದೆ ಅಕ್ಕಿಯ ಅಳತೆಯ ನೀರಿಟ್ಟು, ಗಟ್ಟಿ ಕಾಳು ತಿಂದು ಹೊಟ್ಟೆ ಉಬ್ಬರಿಸಿಕೊಂಡವರು 'ಸಿರಿಧಾನ್ಯ ನಮಗಾಗುವುದಿಲ್ಲ' ಎನ್ನುತ್ತಾರೆ. ಪ್ರಮಾಣವೂ ಗಮನದಲ್ಲಿರಲಿ. 60 ಗ್ರಾಂ ಸಾಮೆಯಲ್ಲಿ ಸುಮಾರು 39 ಗ್ರಾಂ ಕಾರ್ಬೋಹೈಡ್ರೇಟ್, ಅಷ್ಟೇ ಬಿಳಿ ಅಕ್ಕಿಯಲ್ಲಿ 47 ಗ್ರಾಂ. ವ್ಯತ್ಯಾಸ ಇದೆ, ಪವಾಡ ಇಲ್ಲ. ಸಿರಿಧಾನ್ಯದಿಂದ ಸಕ್ಕರೆ ಕಾಯಿಲೆಯೋ ಕ್ಯಾನ್ಸರೋ ವಾಸಿಯಾಗುತ್ತದೆ ಎಂದು ಆಹಾರದ ಪೊಟ್ಟಣದ ಮೇಲೆ ಬರೆಯುವುದು ಕಾನೂನುಬಾಹಿರ, ಅಂಥದ್ದನ್ನು ಮಾರುವ ಅಂಗಡಿಯ ಉಳಿದ ಮಾತನ್ನೂ ನಂಬುವುದು ಕಷ್ಟ.

ಹಾರಕಕ್ಕೆ ಪ್ರತ್ಯೇಕ ಎಚ್ಚರಿಕೆ. ಕೊಯ್ಲಿನಲ್ಲಿ ಮಳೆ ಸಿಕ್ಕಿ ಶಿಲೀಂಧ್ರ ಹತ್ತಿದ ಹಾರಕ ತಿಂದರೆ ಅಮಲು, ವಾಂತಿ, ನಡುಕ ಬರುತ್ತದೆಂದು ಬೆಳೆಯುವವರಿಗೆ ಗೊತ್ತು. ಸೈಕ್ಲೋಪಿಯಜೋನಿಕ್ ಆಮ್ಲ ಎಂಬ ವಿಷ ಅದಕ್ಕೆ ಕಾರಣ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹಾರಕದ ಹೊಲಕ್ಕೆ ನುಗ್ಗಿದ 10 ಆನೆಗಳು ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದೂ ಅದೇ. ಇದರಿಂದ ಹಾರಕ ಕೆಟ್ಟದ್ದೆಂದಾಗುವುದಿಲ್ಲ. ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇರುವ ಹಾರಕವನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅಷ್ಟೆ.

ಸಾವಯವ ಮುದ್ರೆಗಳ ಬಗ್ಗೆ ಚುಟುಕಾಗಿ. ಜೈವಿಕ್ ಭಾರತ್ ಲಾಂಛನದ ಜೊತೆಗೆ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಇರಬೇಕು. ಮೊದಲನೆಯದನ್ನು ಮಾನ್ಯತೆ ಪಡೆದ ಸಂಸ್ಥೆ ಕೊಡುತ್ತದೆ, ಎರಡನೆಯದನ್ನು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡುವ ರೈತರ ಗುಂಪು. 'ಪಿಜಿಎಸ್ ಗ್ರೀನ್' ಎಂದರೆ ಹೊಲ ಇನ್ನೂ ಪರಿವರ್ತನೆಯ ಹಂತದಲ್ಲಿದೆ. ವರ್ಷಕ್ಕೆ 12 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ಬೆಳೆಗಾರರು ಗ್ರಾಹಕರಿಗೆ ನೇರವಾಗಿ ಮಾರುವಾಗ ಪ್ರಮಾಣಪತ್ರದಿಂದ ವಿನಾಯಿತಿ ಪಡೆದಿದ್ದಾರೆ. ಮುದ್ರೆ ಇಲ್ಲದ ರೈತರೆಲ್ಲ ಸುಳ್ಳುಗಾರರಲ್ಲ. ಅವರೊಡನೆ ಹತ್ತು ನಿಮಿಷ ಮಾತಾಡಿ. ತಳಿ, ಬಿತ್ತನೆಯ ತಿಂಗಳು, ಗಿರಣಿಯ ಊರು ತಡವರಿಸದೆ ಹೇಳುವವರು ಸಾಮಾನ್ಯವಾಗಿ ಬೆಳೆದವರೇ ಆಗಿರುತ್ತಾರೆ.

ಇಂಥ ಮಾತುಕತೆಗೆ ಒಳ್ಳೆಯ ಜಾಗ ನವೆಂಬರ್ ಹೊತ್ತಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಸೆಪ್ಟೆಂಬರ್ ಹೊತ್ತಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಕೃಷಿ ಮೇಳ. ತಳಿ ಮಾಡಿದವರು, ಬೆಳೆದವರು, ಆಹಾರ ವಿಜ್ಞಾನದವರು ಮೂವರೂ ಒಂದೇ ಅಂಗಳದಲ್ಲಿ ಸಿಗುತ್ತಾರೆ. ಶನಿವಾರ, ಭಾನುವಾರದ ನೂಕುನುಗ್ಗಲಲ್ಲಿ ಯಾರೊಡನೆಯೂ ಮಾತಾಡಲಾಗದು, ವಾರದ ದಿನ ಬೆಳಗ್ಗೆಯೇ ಹೋಗಿ. ವರ್ಷವಿಡೀ ತೆರೆದಿರುವುದು ಕೃಷಿ ವಿಜ್ಞಾನ ಕೇಂದ್ರಗಳು. ಗೃಹ ವಿಜ್ಞಾನದ ತಜ್ಞರಿರುವ ಕೇಂದ್ರದಲ್ಲಿ ಮಾಲ್ಟ್ ತಯಾರಿಕೆಯ ತರಬೇತಿಯನ್ನೂ ವಿಚಾರಿಸಬಹುದು.

ಕಾಯಿಲೆ ಇರುವವರಿಗೆ ಮೇಳದ ಮಾತು ಸಾಲದು, ಡಯಟಿಷಿಯನ್ ಬೇಕು. ಆರಿಸುವಾಗ ಹೆಸರಿನ ಮುಂದೆ 'ಆರ್‌ಡಿ' ಎಂಬ ಭಾರತೀಯ ಡಯಟೆಟಿಕ್ ಸಂಘದ ನೋಂದಣಿ ಇದೆಯೇ ನೋಡಿ. 'ನ್ಯೂಟ್ರಿಷನಿಸ್ಟ್' ಎಂದು ಬೋರ್ಡು ಹಾಕಿಕೊಂಡವರೆಲ್ಲ ಓದಿಕೊಂಡವರಲ್ಲ. ನಿನ್ನೆ ಏನು ತಿಂದಿರಿ, ಯಾವ ಮಾತ್ರೆ ನುಂಗುತ್ತೀರಿ, ಮನೆಯಲ್ಲಿ ಅಡುಗೆ ಯಾರದು, ತಿಂಗಳಿಗೆ ಎಣ್ಣೆ ಎಷ್ಟು ಖರ್ಚು ಎಂದು ಕೇಳಿದ ಮೇಲೆ ಪಟ್ಟಿ ಬರೆಯುವವರು ಕೆಲಸ ಬಲ್ಲವರು. ಮೊದಲ ಭೇಟಿಯಲ್ಲೇ ತಮ್ಮದೇ ಪುಡಿಯ ಡಬ್ಬಿ ಮುಂದಿಡುವವರನ್ನು ಬಿಟ್ಟು ಬನ್ನಿ. ಮೂತ್ರಪಿಂಡದ ಕಾಯಿಲೆಯವರು ರಾಗಿ ಹೆಚ್ಚಿಸುವ ಮೊದಲು ರಕ್ತಪರೀಕ್ಷೆಯ ವರದಿಯನ್ನು ಡಯಟಿಷಿಯನ್ನರಿಗೆ ತೋರಿಸಲೇಬೇಕು, ಏಕೆಂದರೆ ಇಡಿ ಧಾನ್ಯದ ರಂಜಕ, ಪೊಟ್ಯಾಸಿಯಂ ಅವರಿಗೆ ಹೊರೆಯಾಗಬಹುದು.

ಪೊಟ್ಟಣದಲ್ಲಿ ಹುಳ, ಮರಳು, ಸುಳ್ಳು ಲೇಬಲ್ ಸಿಕ್ಕರೆ ಬಿಲ್ಲು ಮತ್ತು ಪೊಟ್ಟಣ ಎರಡನ್ನೂ ಎಸೆಯದೆ ಇಡಿ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಕಾಣುವಂತೆ ಫೋಟೊ ತೆಗೆದು ಫುಡ್ ಸೇಫ್ಟಿ ಕನೆಕ್ಟ್ ಆಪ್‌ನಲ್ಲಿ ದೂರು ಹಾಕಬಹುದು. ತೂಕ ಕಡಿಮೆಯಿದ್ದರೆ ದೂರು ಹೋಗಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ. ಆಗ ಪೊಟ್ಟಣವನ್ನು ಒಡೆಯದೆ ಇಟ್ಟಿರಬೇಕು.